ಅಣ್ಣನ ನಾಲ್ಕು ಉಗುರು

ನನ್ನ ಮದುವೆಗೆ ಮುಂಚಿನ ಒಂದೂವರೆ ವರ್ಷ ನಮ್ಮಣ್ಣ ಖಡಕ್ ರೊಟ್ಟಿಯನ್ನು ತಾನೇ ಮುರಿದು ತಿಂದದ್ದನ್ನು ನಾನು ಕಂಡಿರಲಿಲ್ಲ. ಗಂಗಾಳದ ಮುಂದೆ ಕೂತು, ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನನ್ನ ಕಡೆ ನೋಡುತ್ತಿದ್ದ. ನಾನು ರೊಟ್ಟಿಯನ್ನು ಚೂರು ಮಾಡಿ ಪಲ್ಯದ ಬದಿಗೆ ಇಡುತ್ತಿದ್ದೆ. ಅವನು ಹಕ್ಕಿ ಕಾಳು ಹೆಕ್ಕುವ ಹಾಗೆ, ಉಗುರಿಗೆ ತಾಗಿಸದೆ ಎತ್ತಿ ತಿನ್ನುತ್ತಿದ್ದ. ನಮ್ಮವ್ವ ಒಲೆಯ ಮುಂದಿನಿಂದಲೇ ಅನ್ನುತ್ತಿದ್ದಳು, "ಒಬ್ಬಗ ಒಂದ ಕೈ, ಒಬ್ಬಾಕಿಗಿ ಮೂರು ಕೈ. ಎಂಥಾ ಮಕ್ಕಳನ್ನ ಹಡದೆ ನೋಡು ನಾನು."

ಅವನ ಬಲಗೈಯ ನಾಲ್ಕು ಬೆರಳಿಗೆ, ಅಂದರೆ ಕಿರುಬೆರಳು ಬಿಟ್ಟು ಉಳಿದವಕ್ಕೆ, ಉಗುರು ಬಿಟ್ಟಿದ್ದ. ಗಿಟಾರ್ ಬಾರಿಸಲಿಕ್ಕೆ.

ನಮ್ಮದು ಅರಕೇರಾ ಕಡೆಯ ಕುರಿ ಸಾಕುವ ಮನೆತನ. ಅಪ್ಪನ ಕಾಲಕ್ಕೆ ಕುರಿ ಬಿಟ್ಟು ದೇವದುರ್ಗಕ್ಕೆ ಬಂದೆವು. ಅಪ್ಪ ಬೇಗ ಹೋದ. ನನ್ನನ್ನು ಏಳನೇ ತರಗತಿಗೆ ಬಿಡಿಸಿದರು. ಅಣ್ಣ ಒಂದು ಸಣ್ಣ ಅಂಗಡಿಯಲ್ಲಿ ನೀರಿನ ಮೋಟಾರು ರಿವೈಂಡಿಂಗ್ ಮಾಡುವುದನ್ನು ಕಲಿತು, ಆಮೇಲೆ ಅದೇ ಅಂಗಡಿಯನ್ನು ನಡೆಸಿದ. ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ಬಲಗೈಗೆ ಒಂದು ಹತ್ತಿಯ ಗವಸು ಹಾಕಿಕೊಂಡು, ಹೆಚ್ಚಿನ ಕೆಲಸವನ್ನೆಲ್ಲ ಎಡಗೈಯಲ್ಲೇ ಮಾಡುತ್ತಿದ್ದ. ಮೋಟಾರು ತಂದ ರೈತರು ಕಾಡುತ್ತಿದ್ದರು. ಏನಪಾ, ನಿನ್ನ ಬಲಗೈ ಬ್ಯಾರೆ ಮನಿ ಮಾಡ್ಯದೇನು ಅಂತ. ಅವನು ನಗುತ್ತಿದ್ದ. ರಿಪೇರಿ ಆದ ಮೋಟಾರು ಚಾಲು ಮಾಡಿ, ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಹಚ್ಚಿ, ತುದಿಯನ್ನು ಮೋಟಾರಿನ ಮೈಗೆ ಊರಿ ಕಣ್ಣು ಮುಚ್ಚಿ ಕೇಳುತ್ತಿದ್ದ. "ಇದು ಇನ್ನೂ ಅಳಾಕತ್ತದ, ನಾಳಿ ಬರ್ರಿ" ಅನ್ನುತ್ತಿದ್ದ. ರೈತ ಹೊಲದ ಚಿಂತೆಯಲ್ಲಿ ನಿಂತಿದ್ದರೂ ಬಿಡುತ್ತಿರಲಿಲ್ಲ.

ತಾಮ್ರದ ತಂತಿ ತರಲು ಒಮ್ಮೆ ರಾಯಚೂರಿಗೆ ಹೋದವನು, ಸ್ಟೇಷನ್ ಹಿಂದಿನ ರೈಲ್ವೆ ಕ್ವಾರ್ಟರ್ಸಿನ ಒಂದು ಮನೆಯ ಮುಂದೆ ನಿಂತುಬಿಟ್ಟನಂತೆ. ಒಳಗೆ ಯಾರೋ ಏನೋ ಬಾರಿಸುತ್ತಿದ್ದರು. ನೀರಿನ ಹನಿ ಹಿತ್ತಾಳೆಯ ಕೊಡಕ್ಕೆ ಬಿದ್ದ ಹಾಗೆ ಸಪ್ಪಳ. ಹೊರಗೆ ಬಂದವರು ಒಬ್ಬ ಗಾರ್ಡ್ ಸಾಹೇಬರು, ತೆಲುಗು ಮಾತಿನವರು, ಇನ್ನೊಂದೆರಡು ವರ್ಷಕ್ಕೆ ನಿವೃತ್ತಿ ಆಗುವವರು. "ಏಮಿ ಬಾಬೂ, ಏನು ಬೇಕು?" ಅಂದರಂತೆ. ಅಣ್ಣ, "ಆ ಸಪ್ಪಳ ಬೇಕಾಗಿತ್ತ್ರಿ" ಅಂದನಂತೆ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದಾನೋ, ಅಷ್ಟು ಸಲವೂ ತಾನೇ ಮೊದಲ ಸಲ ಕೇಳಿಸಿಕೊಂಡವನ ಹಾಗೆ ನಗುತ್ತಿದ್ದ.

ಆವತ್ತಿನಿಂದ ಹೆಚ್ಚಿನ ರವಿವಾರ ಬೆಳಗಿನ ಬಸ್ಸಿಗೆ ರಾಯಚೂರು. ಗಾರ್ಡ್ ಸಾಹೇಬರು ತಮ್ಮ ಹಳೆಯ ಗಿಟಾರು ಕೊಟ್ಟರು. ಆದರೆ ಬಾರಿಸುವ ಮೊದಲು ಅವನ ಕೈ ನೋಡಿ ತಲೆ ಅಲ್ಲಾಡಿಸಿದರಂತೆ. ತಂತಿ ಅರ್ಧ, ಉಗುರು ಅರ್ಧ ಬಾಬೂ ಅಂದರಂತೆ. ಬರಿ ಬೆರಳಿನಿಂದ ಮೀಟಿದರೆ ಕಂಬಳಿಯೊಳಗೆ ಮಾತಾಡಿದ ಹಾಗೆ ಕೇಳುತ್ತದೆ. ತುದಿಗೆ ಗಟ್ಟಿ ಉಗುರಿದ್ದರೆ ಗಂಟೆಯ ಹಾಗೆ ಕೇಳುತ್ತದೆ. ಅಂಗೈ ಕಡೆಯಿಂದ ನೋಡಿದರೆ ಬೆರಳ ತುದಿಯ ಮೇಲೆ ಒಂದು ಜೋಳದ ಕಾಳಿನಷ್ಟು ಉಗುರು ಕಾಣಬೇಕು. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ನಮ್ಮಣ್ಣನ ಉಗುರು ಹುಟ್ಟಾ ಮೆತ್ತಗಿನವು. ಉಳ್ಳಾಗಡ್ಡಿಯ ಹಾಗೆ ಪದರು ಪದರು ಬಿಚ್ಚುತ್ತಿದ್ದವು. ಜೋಳದ ಕಾಳಿನಷ್ಟು ಬೆಳೆಯುವುದರೊಳಗೆ ಯಾವುದೋ ನಟ್ಟಿಗೋ ಬಾಗಿಲಿಗೋ ತಾಗಿ ಸೀಳುತ್ತಿದ್ದವು. ಅವನು ಅವುಗಳ ಹಿಂದೆ ಬಿದ್ದ. ಗಾರ್ಡ್ ಸಾಹೇಬರು ಯಾವುದೋ ದೇಶದ ಎಣ್ಣೆ ಹೇಳಿದ್ದರು. ನಮಗೆ ಸಿಕ್ಕದ್ದು ಕುಸುಬಿ ಎಣ್ಣೆ. ಅವ್ವ ಗಾಣದಿಂದ ತಂದದ್ದನ್ನು ಒಂದು ಬಟ್ಟಲಲ್ಲಿ ಬೆಚ್ಚಗೆ ಮಾಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಸಂಜೆ ಅದರಲ್ಲಿ ನಾಲ್ಕು ಬೆರಳು ಅದ್ದಿ ಕೂಡುತ್ತಿದ್ದ. ಎಳ್ಳು ತಿಂದ, ಶೇಂಗಾ ತಿಂದ, ಸಜ್ಜೆ ರೊಟ್ಟಿ ತಿಂದ. ಪಾತ್ರೆಯ ನೀರಲ್ಲಿ ಕೈ ಇಡುತ್ತಿರಲಿಲ್ಲ, ನೀರಲ್ಲಿ ನೆನೆದರೆ ಉಗುರು ಉಬ್ಬಿ ಪದರು ಬಿಡುತ್ತದೆ ಅಂತ. ಕೊನೆಗೆ ಒಂದು ದಿನ ಮೋಟಾರಿನ ಸುರುಳಿಗೆ ಹಚ್ಚುವ ವಾರ್ನಿಶನ್ನೇ ಉಗುರಿಗೆ ಹಚ್ಚಿಕೊಂಡು ಬಂದ. ಜೇನಿನ ಬಣ್ಣ. ಮನೆಯೆಲ್ಲ ನಾತ. ಅವ್ವ ಹೊರಗೆ ಹಾಕಿದಳು. ಅವನು ಕಟ್ಟೆಯ ಮೇಲೆ ಕೂತು ಬಿಸಿಲಿಗೆ ಕೈ ಹಿಡಿದು ಒಣಗಿಸಿಕೊಂಡ. "ಮೋಟಾರು ಹತ್ತು ವರ್ಷ ತಡೀತದ, ಉಗುರು ಹತ್ತು ದಿನ ತಡಿಯಂಗಿಲ್ಲೇನು?" ಅಂದ. ತಡೆದವು.

ನನ್ನ ಉಗುರು ಮಾತ್ರ ಯಾವ ಎಣ್ಣೆಯೂ ಇಲ್ಲದೆ ಆಡಿನ ಗೊರಸಿನ ಹಾಗೆ ಗಟ್ಟಿ. ಬಟ್ಟೆ ಒಗೆದರೂ, ಸೆಗಣಿ ಸಾರಿಸಿದರೂ ಒಂದೂ ಮುರಿಯುತ್ತಿರಲಿಲ್ಲ. ಅಣ್ಣ ನನ್ನ ಕೈ ಹಿಡಿದು ಉಗುರಿನ ಮೇಲೆ ತನ್ನ ಹೆಬ್ಬೆರಳಿನಿಂದ ಟಕಟಕ ಬಡಿದು, "ದೇವರು ಗಂಟು ಬದಲ ಮಾಡ್ಯಾನ ತಂಗಿ" ಅನ್ನುತ್ತಿದ್ದ.

ಆ ಒಂದೂವರೆ ವರ್ಷ ನೆನೆಸಿಕೊಂಡರೆ ಈಗಲೂ ಅರೆನಿದ್ದೆಯಲ್ಲಿ ಇದ್ದ ಹಾಗೆ ಅನ್ನಿಸುತ್ತದೆ. ಕೆಲವು ಸಲ ರಾಯಚೂರಿಗೆ ಹೋಗದ ರವಿವಾರ ನನ್ನನ್ನೂ ಕರೆದುಕೊಂಡು ಹೊಳೆಯ ದಂಡೆಯ ಊರಾದ ಗೂಗಲ್‌ಗೆ ಹೋಗುತ್ತಿದ್ದ. ಗುಡಿಯಲ್ಲಿ ಕೈಮುಗಿದು, ಕೃಷ್ಣೆಯ ದಂಡೆಯ ಬಂಡೆಗಳ ಮೇಲೆ ಕೂಡುತ್ತಿದ್ದೆವು. ಬಂಡೆ ಇನ್ನೂ ಬಿಸಿ ಇರುತ್ತಿತ್ತು. ಹೊಳೆ ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದ ಹಾಗೆ ಇರುತ್ತಿತ್ತು. ಅವನು ಒಂದು ತಂತಿ ಮೀಟಿ, ಅದು ಪೂರ್ತಿ ಆರುವವರೆಗೆ ಕಾದು, ಇನ್ನೊಂದು ಮೀಟುತ್ತಿದ್ದ. ಆ ಸಪ್ಪಳ ನೀರಿನ ಮೇಲೆ ನಡೆದು ಆಚೆ ದಂಡೆಗೆ ಹೋಗಿ ಕೂತ ಹಾಗೆ ನನಗೆ ಕಾಣುತ್ತಿತ್ತು. ಕೇಳುವುದಲ್ಲ, ಕಾಣುವುದು. ಒಮ್ಮೆ ಆಚೆ ದಂಡೆಯಿಂದ ಕುರಿ ಕಾಯುವವನೊಬ್ಬ ತನ್ನ ಕೋಲನ್ನು ಎತ್ತಿ ಬೀಸಿದ. ಅಣ್ಣ ತಿರುಗಿ ಗಿಟಾರನ್ನೇ ಎತ್ತಿ ತೋರಿಸಿದ. ಇಬ್ಬರೂ ಮತ್ತೆ ತಮ್ಮ ಕೆಲಸಕ್ಕೆ ಹತ್ತಿದರು.

ನನ್ನ ಮದುವೆ ಮಾನ್ವಿಗೆ ಗೊತ್ತಾಯಿತು. ಗಂಡನ ಮನೆಯವರು ನಮಗಿಂತ ಅನುಕೂಲಸ್ಥರು, ಅಕ್ಕಿ ಗಿರಣಿಯಲ್ಲಿ ಪಾಲು ಇದ್ದವರು. ಅದೇ ಹೊತ್ತಿಗೆ ಗಾರ್ಡ್ ಸಾಹೇಬರು ನಿವೃತ್ತಿ ಆಗಿ ತಮ್ಮ ಊರಿಗೆ ಹೊರಟಿದ್ದರು. ರಜೆಯ ದಿನ ಅವರು ರಾಯಚೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಗಿಟಾರು ಕಲಿಸುತ್ತಿದ್ದರು. ಆ ಶಾಲೆಗೆ ಈಗ ದಿನಾ ಬರುವ ಮೇಷ್ಟ್ರು ಬೇಕಾಗಿತ್ತು. ತಮ್ಮನ್ನು ಬೀಳ್ಕೊಡುವ ಸಭೆಯಲ್ಲಿ ಅಣ್ಣನಿಗೆ ಬಾರಿಸಲು ಹೇಳುತ್ತೇನೆ, ಶಾಲೆಯವರೂ ಬಂದು ಕೇಳಲಿ, ಒಮ್ಮೆ ಕೇಳಿದರೆ ಅವನನ್ನು ಬಿಡುವುದಿಲ್ಲ ಅಂದಿದ್ದರು. ಸಭೆ ಇದ್ದದ್ದು ನನ್ನ ಮದುವೆ ಆದ ಹನ್ನೊಂದನೆಯ ದಿನಕ್ಕೆ. ಅಣ್ಣ ಇದನ್ನು ಹೇಳಿದ್ದು ನನಗೊಬ್ಬಳಿಗೆ. ಆಗಲೇ ನಾಲ್ಕು ಉಗುರೂ ಸಮ ಬಂದಿದ್ದವು. ಬೆಳಕಿಗೆ ಹಿಡಿದು ತೋರಿಸಿದ. ಹವಳದ ಹಾಗೆ ಹೊಳೆಯುತ್ತಿದ್ದವು.

ನಮ್ಮ ಕಡೆ ಮದುವೆಯ ಹಿಂದಿನ ದಿನ ಸುರಗಿ ಅಂತ ಮಾಡುತ್ತಾರೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂಡಿಸಿ ನೀರು ಹಾಕುವುದು. ಜೊತೆಗೆ ಅಣ್ಣನೋ ತಮ್ಮನೋ ಕೂಡಬೇಕು. ನೀರು ಹಾಕುವ ಮೊದಲು ಕ್ಷೌರ ಮಾಡುವ ಹಡಪದ ಕಾಕಾ ಬಂದು, ಗರಿಕೆಯನ್ನು ಹಾಲಲ್ಲಿ ಅದ್ದಿ ಕೈಗೆ ಸವರಿ, ಒಳಗೆ ಕೂತವರ ಉಗುರು ತೆಗೆಯುವ ಶಾಸ್ತ್ರ ಮಾಡುತ್ತಾನೆ. ತೆಗೆಯುವುದು ಅಂದರೆ ಮಾತಿಗೆ. ಉಗುರು ಕತ್ತಿಯನ್ನು ತುದಿಗೆ ಮುಟ್ಟಿಸಿ ಬಿಟ್ಟರೂ ಶಾಸ್ತ್ರ ಆಗುತ್ತದೆ. ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು.

ಬೀಗರ ಕಡೆಯ ಹೆಂಗಸರು ಸುತ್ತ ನಿಂತಿದ್ದರು. ಅಣ್ಣ ಬಲಗೈ ಮುಂದೆ ಮಾಡಿದ. ನನ್ನ ಗಂಡನ ಸೋದರತ್ತೆಯೊಬ್ಬಳು ಆ ಹೊಳೆಯುವ ಉಗುರು ನೋಡಿ, ಬಾಯಿಗೆ ಸೆರಗು ಹಚ್ಚಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. "ಅಲ್ರೀ ಬೀಗರ, ಇಲ್ಲಿ ಮದಲಗಿತ್ತಿ ಯಾರು? ಒಬ್ಬಾಕೆನೋ, ಇಬ್ಬರೋ?"

ಹೆಂಗಸರು ನಕ್ಕರು. ಕೆಟ್ಟ ನಗು ಏನಲ್ಲ, ಮದುವೆಮನೆಯ ನಗು. ಅಣ್ಣನೂ ನಕ್ಕ. ನನಗೆ ಮಾತ್ರ ಆ ಮನೆಯಲ್ಲಿ ನಾನು ಬಾಳಬೇಕು, ಜನ್ಮವೆಲ್ಲ ಇದೇ ಮಾತು ಕೇಳಬೇಕು ಅನ್ನಿಸಿತು. ಹಡಪದ ಕಾಕಾ ಕತ್ತಿಯನ್ನು ಮುಟ್ಟಿಸಲು ಹೋದವನು ಅಣ್ಣನ ಮುಖ ನೋಡಿದ. ಅಣ್ಣ ನನ್ನ ಮುಖ ನೋಡಿದ. ಮೆಲ್ಲಗೆ, ನನಗಷ್ಟೇ ಕೇಳುವ ಹಾಗೆ, "ಮುಟ್ಟಿಸಿ ಬಿಡಾಕ ಹೇಳು ತಂಗಿ. ಹನ್ನೊಂದ ದಿನ ಅದ" ಅಂದ.

ನಾನು ಹೇಳಿದ್ದು, "ಕಾಕಾ, ಪೂರ್ತಿ ತಗೀರಿ. ಶಾಸ್ತ್ರ ಅಂದ್ರ ಶಾಸ್ತ್ರ."

ಅಣ್ಣ ಬೆರಳು ಅಗಲ ಮಾಡಿ ಹಿಡಿದ. ಗಟ್ಟಿಯಾಗಿದ್ದವು, ಸುಲಭಕ್ಕೆ ಬರಲಿಲ್ಲ. ನಾಲ್ಕು ಸಲ ಚಟ್ ಅಂದಿತು. ಖಡಕ್ ರೊಟ್ಟಿ ಮುರಿದ ಸಪ್ಪಳ. ಆ ಹೊತ್ತಿನ ಊಟದಲ್ಲಿ ಅವನು ನನ್ನ ಕಡೆ ನೋಡಲಿಲ್ಲ, ಸಿಟ್ಟಿನಿಂದಲ್ಲ. ರೊಟ್ಟಿ ಮುರಿಯಲು ಇನ್ನು ಯಾರೂ ಬೇಕಾಗಿರಲಿಲ್ಲ. ತಾನೇ ಮುರಿದುಕೊಂಡ. ಎಲ್ಲರ ಹಾಗೆ, ಬಲಗೈಯಿಂದ.

ಇನ್ನೊಂದು ಮಾತು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಅಣ್ಣನದು ಆದ ಮೇಲೆ ಕಾಕಾ ನನ್ನ ಕೈ ಹಿಡಿದ. ಅದಕ್ಕೆ ಆಗಲೇ ಮದರಂಗಿ ಹಚ್ಚಿದ್ದರು, ಉಗುರಿನ ತುದಿ ಕೆಂಪಗೆ ಚೆಂದ ಕಾಣುತ್ತಿತ್ತು. ಕತ್ತಿಯನ್ನು ಬರೇ ಮುಟ್ಟಿಸಿ ಬಿಟ್ಟ. ನಾನು ಸುಮ್ಮನೆ ಕೂತಿದ್ದೆ.

ಹನ್ನೊಂದನೆಯ ದಿನ ನಾನು, ನನ್ನ ಗಂಡ ಮಾನ್ವಿಯಿಂದ ರಾಯಚೂರಿಗೆ ಹೋದೆವು. ಅಣ್ಣನೇ ಕರೆದಿದ್ದ. ರೈಲ್ವೆಯವರ ಒಂದು ಸಣ್ಣ ಹಾಲ್. ಮೇಲೆ ಹಳೆಯ ಕಾಲದ ದೊಡ್ಡ ಫ್ಯಾನು, ತಿರುಗುವಾಗ ಗಾಣದ ಹಾಗೆ ಗೋಳಾಡುತ್ತಿತ್ತು. ನಾನು ಹೆಂಗಸರ ಸಾಲಿನಲ್ಲಿ ಗೋಡೆಯ ಬದಿಗೆ ಕೂತೆ. ಫ್ಯಾನಿನ ಸ್ವಿಚ್ಚು ನನ್ನ ಭುಜಕ್ಕೆ ತಾಗುವಷ್ಟು ಹತ್ತಿರ ಇತ್ತು.

ಅಣ್ಣ ಸುಮ್ಮನೆ ಬಂದಿರಲಿಲ್ಲ. ಪ್ಲಾಸ್ಟಿಕ್ಕಿನ ಚೆಂಡನ್ನು ಕತ್ತರಿಸಿ, ಉಗುರಿನ ಆಕಾರ ಮಾಡಿ, ಅಂಟಿನಿಂದ ಬೆರಳಿಗೆ ಅಂಟಿಸಿಕೊಂಡು ಬಂದಿದ್ದ. ಮೊದಲು ಚೆನ್ನಾಗಿಯೇ ಕೇಳಿತು. ಸ್ವಲ್ಪ ಹೊತ್ತಿಗೆ ಒಂದು ಕಿತ್ತು ಹಾರಿ ಮುಂದಿನ ಸಾಲಿನವರ ಮಡಿಲಿಗೆ ಬಿತ್ತು. ಯಾರೋ ನಕ್ಕರು. ಅವನು ನಿಲ್ಲಿಸಿ, ಉಳಿದ ಮೂರನ್ನೂ ಬಿಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು, ಮತ್ತೆ ಮೊದಲಿನಿಂದ ಬಾರಿಸಿದ. ಬರಿ ಬೆರಳಿನಿಂದ. ಕೈ ಆಡುವುದು ಕಾಣುತ್ತಿತ್ತು. ಫ್ಯಾನಿನ ಗೋಳಾಟದಲ್ಲಿ ಸಪ್ಪಳ ಮಾತ್ರ ನಮ್ಮ ತನಕ ಬರಲಿಲ್ಲ.

ನಾನು ಎದ್ದು ಸ್ವಿಚ್ಚು ಒತ್ತಬಹುದಿತ್ತು. ಏಳುವುದೂ ಬೇಡ, ಕೈ ಎತ್ತಿದರೆ ಸಾಕಿತ್ತು. ಹೊಸ ಮದುಮಗಳು ಮಂದಿಯ ನಡುವೆ ಹಾಗೆ ಮಾಡಿದರೆ ಏನಂದಾರು ಅಂತ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಕೂತೆ.

ಶಾಲೆಯವರು ಒಳ್ಳೆಯ ಮಂದಿ. ಕೈ ಬಹಳ ಮೃದು ಅದ, ಹಿಂದೆ ಕೂತ ಮಕ್ಕಳಿಗೆ ಕೇಳಬೇಕಲ್ಲ, ಹೇಳಿ ಕಳಸ್ತೀವಿ ಅಂದು ಹೋದರು. ಹೇಳಿ ಕಳಿಸಲಿಲ್ಲ. ಗಾರ್ಡ್ ಸಾಹೇಬರು ಅಣ್ಣನ ಬಲಗೈ ಎತ್ತಿ ಹಿಡಿದು ಬೆರಳು ಒಂದೊಂದೇ ನೋಡಿದರು.

"ಏಮೈಂದಿ ಬಾಬೂ, ಉಗುರು ಏನಾದವು?"

"ತಂಗಿ ಮದುವಿ ಇತ್ತ್ರಿ ಸರ್."

ಅಷ್ಟೇ. ಊರಲ್ಲಿ ಮಳಿ ಆತ್ರಿ ಅಂದ ಹಾಗೆ ಹೇಳಿದ. ಸಾಹೇಬರು ಆಗ ನನ್ನನ್ನು ನೋಡಿದರು, ನನ್ನ ಕೈಯ ಮದರಂಗಿ ನೋಡಿದರು. ತಮ್ಮ ಪೆಟ್ಟಿಗೆಯಿಂದ ಒಂದು ತಗಡಿನ ಡಬ್ಬಿ ತೆಗೆದು ಅಣ್ಣನಿಗೆ ಕೊಟ್ಟರು. ಅದರಲ್ಲಿ ಉಗುರು ತೀಡುವ ಮೂರು ನಮೂನೆ ಉಸುಕಿನ ಕಾಗದ, ಹೊಳಪು ಮಾಡುವ ಒಂದು ತೊಗಲಿನ ತುಂಡು. ಆ ತಿಂಗಳೇ ಊರಿಗೆ ಹೋದರು.

ಅಣ್ಣ ಮತ್ತೆ ಉಗುರು ಬಿಡಲಿಲ್ಲ. ಆದರೆ ಬಾರಿಸುವುದನ್ನು ನಿಲ್ಲಿಸಲಿಲ್ಲ. ಗವಸು ತೆಗೆದ ಬಲಗೈ ಬೇಗನೇ ಎಲ್ಲ ಮೆಕ್ಯಾನಿಕ್ಕರ ಕೈ ಆಯಿತು. ಸಂಜೆ ಅಂಗಡಿ ಮುಚ್ಚಿ ಕೂತು, ಕಂಬಳಿಯೊಳಗಿನ ಆ ಸಪ್ಪಳದಲ್ಲೇ ಬಾರಿಸುತ್ತಿದ್ದ. ಮದುವೆ ಆಗಲಿಲ್ಲ. ಕೇಳಿದರೆ, ರೊಟ್ಟಿ ಮುರಕೊಳ್ಳಾಕ ಬರ್ತದ ಈಗ, ಹೇಂತಿ ಯಾಕ ಅನ್ನುತ್ತಿದ್ದ. ಅದು ನಗೆಯ ಮಾತು. ಎಲ್ಲರೂ ನಗುತ್ತಿದ್ದರು, ನಾನೊಬ್ಬಳು ಒಳಗೆ ಎದ್ದು ಹೋಗುತ್ತಿದ್ದೆ. ಅವನು ಅದನ್ನು ಗಮನಿಸಿದ್ದನೋ ಏನೋ, ಆಮೇಲಾಮೇಲೆ ಆ ಮಾತು ಆಡುವುದನ್ನೇ ಬಿಟ್ಟ.

ನನ್ನ ಮಗಳಿಗೆ ಎಂಟು ವರ್ಷ ಆದಾಗ ಅವನೇ ಮಾನ್ವಿಗೆ ಗಿಟಾರು ಹೊತ್ತುಕೊಂಡು ಬಂದ. ಅವಳ ಕೈ ಹಿಡಿದು ಉಗುರಿನ ಮೇಲೆ ಟಕಟಕ ಬಡಿದು, "ನಿಮ್ಮವ್ವನ ಉಗುರು ಬಂದಾವ. ಗೆದ್ದಿ ನೀನು" ಅಂದ. ಹದಿನೈದು ದಿನಕ್ಕೊಮ್ಮೆ ಬಂದು ಕಲಿಸಿದ. ಅವಳು ನಾಲ್ಕು ಉಗುರು ಬಿಟ್ಟಳು. ತಗಡಿನ ಡಬ್ಬಿ ಅವಳ ಪಾಲಿಗೆ ಬಂತು. ಅಣ್ಣ ಅವಳೆದುರು ಕೂತು ಉಗುರು ತೀಡಿ ಕೊಡುತ್ತಿದ್ದ. ಒರಟು ಕಾಗದದಿಂದ ಸುರು ಮಾಡಿ, ನಯ ಕಾಗದ, ಆಮೇಲೆ ತೊಗಲು. "ಉಗುರು ತನ್ನ ಹೊತ್ತಿಗೆ ಬೆಳೀತದ. ನಾವು ಕಾಯೂದಷ್ಟ" ಅನ್ನುತ್ತಿದ್ದ. ಅಡಿಗೆಮನೆಯ ಬಾಗಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ಗಂಟೆಯ ಹಾಗಿನ ಆ ಸಪ್ಪಳ ಮತ್ತೆ ಮನೆಗೆ ಬಂದಿತ್ತು. ಗೂಗಲ್ ಹೊಳೆ ನಮ್ಮ ಪಡಸಾಲೆಯೊಳಗೆ ಹರಿದ ಹಾಗೆ ಅನ್ನಿಸಿ, ಒಲೆಯ ಮೇಲಿನ ರೊಟ್ಟಿ ಎಷ್ಟೋ ಸಲ ಸೀಯುತ್ತಿತ್ತು.

ಎರಡು ವರ್ಷದ ಹಿಂದೆ ಅವನಿಗೆ ಎದೆಯ ರೋಗ ಬಂತು. ರಾಯಚೂರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದ. ನಾನೇ ಜೊತೆಗಿದ್ದೆ. ಕೈ ಎತ್ತಲು ಆಗುತ್ತಿರಲಿಲ್ಲ. ರೊಟ್ಟಿಯನ್ನು ಚೂರು ಮಾಡಿ ಹಾಲಲ್ಲಿ ನೆನೆಸಿ ತಿನ್ನಿಸುತ್ತಿದ್ದೆ. ಒಂದು ದಿನ ಚಮಚ ಹಿಡಿದವಳು, ಅಣ್ಣಾ, ಆವತ್ತು ಸುರಗ್ಯಾಗ, ಅಂತ ಬಾಯಿ ತೆರೆದೆ. ಅವನು ಕಿಟಕಿಯ ಕಡೆ ನೋಡುತ್ತ, ಆ ಕುರಿಯಾಂವ ಕೋಲು ಬೀಸಿದ್ದು ನೆನಪದ ಏನು ನಿನಗ ಅಂದ. ನೆನಪದ ಅಂದೆ. ಕೇಳಿಸಿತ್ತು ನೋಡು ಅವಂಗ, ಅಷ್ಟು ದೂರ, ಅಂದು ಕಣ್ಣು ಮುಚ್ಚಿದ. ಅವನು ಹೋಗುವ ಮುಂಚೆ ನನ್ನ ಮಾತು ಹೇಳಲು ಇನ್ನೊಂದು ಅವಕಾಶ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ.

ಈ ವರ್ಷ ಮಗಳ ಮದುವೆ. ಗುಂಜಹಳ್ಳಿಯ ಒಕ್ಕಲು ಮನೆತನ, ಒಳ್ಳೆಯ ಹುಡುಗ. ಸುರಗಿಯ ದಿನ ಹತ್ತಿರ ಬಂದ ಹಾಗೆ ನಾನು ಒಂದು ಮಾತನ್ನು ಮನಸ್ಸಿನಲ್ಲಿ ತಿಕ್ಕಿ ತಿಕ್ಕಿ ಇಟ್ಟುಕೊಂಡೆ. ಬೀಗರಲ್ಲಿ ಯಾರು ಏನೇ ಅಂದರೂ ಅದನ್ನು ಹೇಳಿಯೇ ತೀರಬೇಕು, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಅಣ್ಣನಿಗೆ ಕೊಡದಿದ್ದುದನ್ನು ಇವಳಿಗಾದರೂ ಕೊಡಬೇಕು.

ನಾಲ್ಕು ತಂಬಿಗೆ ಇಟ್ಟರು, ನೂಲು ಸುತ್ತಿದರು. ಮಗಳು ನಡುವೆ ಕೂತಳು. ಹಡಪದವರ ಹುಡುಗ, ಆ ಕಾಕಾನ ಕಡೆಯವನೇ, ಗರಿಕೆಯನ್ನು ಹಾಲಲ್ಲಿ ಅದ್ದಿದ. ಇನ್ನೂ ಯಾರೂ ಏನೂ ಅಂದಿರಲಿಲ್ಲ. ನಾನೇ ಮುಂದೆ ಹೋಗಿ, "ಮುಟ್ಟಿಸಿ ಬಿಡಪಾ. ಕತ್ತರಿಸಬ್ಯಾಡ" ಅಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. ಎಲ್ಲರೂ ತಿರುಗಿ ನೋಡಿದರು.

ಮಗಳು ಬಲಗೈ ಮುಂದೆ ಮಾಡಿದಳು. ನಾಲ್ಕೂ ಉಗುರು ಇರಲಿಲ್ಲ. ಬೆರಳ ಮಾಂಸದ ತನಕ ತೆಗೆದಿದ್ದಳು.

"ನಿನ್ನೇನ ತಗದೀನಿ ಯವ್ವಾ" ಅಂದಳು. ಆಮೇಲೆ ನನ್ನ ಮುಖ ನೋಡಿ, ಕಿವಿಯ ಹತ್ತಿರ ಬಾಗಿ ಹೇಳಿದಳು. "ಮಾವ ಹೇಳಿದ್ದ. ನಿನ್ನ ಮದುವ್ಯಾಗ ಸುರಗಿ ಮೊದಲ ನೀನ ತಕ್ಕೊಂಡ ಬಿಡು, ಯಾರೂ ಕೇಳಾಕ ಹೋಗಬಾರದು. ಇಲ್ಲಂದ್ರ ನಿಮ್ಮವ್ವಗ ಹಳೇದೆಲ್ಲ ನೆನಪಾಗ್ತದ, ಆಕಿ ಅಳತಾಳ ಅಂತ."

ಅವನಿಗೆ ಎಲ್ಲ ಗೊತ್ತಿತ್ತು. ನಾನು ಒಳಗೆ ಎದ್ದು ಹೋಗುತ್ತಿದ್ದುದು, ಆಸ್ಪತ್ರೆಯಲ್ಲಿ ಬಾಯಿ ತೆರೆದದ್ದು, ಎಲ್ಲ. ನಾನು ಹೇಳದ ಹಾಗೆ ನನ್ನನ್ನು ಕಾಯ್ದಿದ್ದ. ಅವನು ನನ್ನನ್ನು ಒಂದು ದಿನ ಬಯ್ದಿದ್ದರೆ ನನಗೆ ಹಗುರ ಆಗುತ್ತಿತ್ತು. ನೀರು ಹಾಕುವಾಗ ಎಲ್ಲರ ಮುಖವೂ ಒದ್ದೆ ಇರುತ್ತದೆ. ನನ್ನದು ಯಾರಿಗೂ ತಿಳಿಯಲಿಲ್ಲ.

ಮೊನ್ನೆ ಮಗಳು ತವರಿಗೆ ಬಂದಿದ್ದಳು. ಮದುವೆ ಆಗಿ ಎರಡು ವಾರ. ಉಗುರು ಇನ್ನೂ ಬೆರಳಿನ ಅಂಚಿಗೆ ಬಂದಿಲ್ಲ. ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಅವಳ ಬೆರಳು ಅದ್ದಿಸಿ ಕೂಡಿಸಿದೆ. ಮಧ್ಯಾಹ್ನ ಊಟಕ್ಕೆ ರೊಟ್ಟಿ ನಾನೇ ಮುರಿದು ಕೊಟ್ಟೆ. ನಾ ಏನು ಸಣ್ಣ ಕೂಸೇನು ಅಂತ ನಕ್ಕಳು, ಆದರೂ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು.

ಊಟ ಆದ ಮೇಲೆ ಮಾವನ ಗಿಟಾರು ತೆಗೆದು ಬಾರಿಸಲು ಕೂತಳು. ಬರಿ ಬೆರಳು. ಮಾನ್ವಿಯ ಬಿಸಿಲು ನಿಮಗೆ ಗೊತ್ತು, ಹೊರಗೆ ಕಲ್ಲು ಸಿಡಿಯುವ ಹೊತ್ತು. ಮೇಲೆ ಫ್ಯಾನು ತಿರುಗುತ್ತಿತ್ತು. ಅವಳ ಕೈ ಆಡುವುದು ಕಾಣುತ್ತಿತ್ತು.

ನಾನು ಎದ್ದು ಹೋಗಿ ಫ್ಯಾನು ಬಂದ್ ಮಾಡಿದೆ.